ಮಂಗಳೂರಿನ ಇಗರ್ಜಿಗಳಿಗೆ ಒಬ್ಬರೇ ಸೈಕಲಿನಲ್ಲಿ: ಒಂದು ಬೆಳಗಿನ ದಾರಿ

ಮಂಗಳೂರಿನ ಕಥೋಲಿಕ ಇಗರ್ಜಿಗಳನ್ನು ನೋಡಲು ಬರುವವರು ಸಾಮಾನ್ಯವಾಗಿ ಸಂತ ಅಲೋಶಿಯಸ್ ಚಾಪೆಲಿಗೆ ರಿಕ್ಷಾದಲ್ಲಿ ಹೋಗಿ, ಚಿತ್ರಗಳನ್ನು ನೋಡಿ, ಅಲ್ಲಿಂದ ಹಾಗೆಯೇ ಊಟಕ್ಕೆ ಹೊರಟುಬಿಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಊರಿನ ಇಗರ್ಜಿಗಳಿಗೆ ಒಂದು ಕ್ರಮವಿದ್ದು, ಅದು ವಾಹನದ ಕಿಟಕಿಯಿಂದ ಕಾಣುವುದಿಲ್ಲ. ಅತಿ ಹಳೆಯದು ಬಂದರಿನ ಬದಿಯ ತಗ್ಗಿನಲ್ಲಿದೆ. 19ನೆಯ ಶತಮಾನದಲ್ಲಿ ಹುಟ್ಟಿದವುಗಳಲ್ಲಿ ಹಲವು ಊರು ಬೆಳೆದಂತೆ ಗುಡ್ಡಗಳ ಕಡೆಗೆ ಏರಿಹೋಗಿವೆ. ಸೈಕಲಿನಲ್ಲಿ ಹೋಗುವವರಿಗೆ ಈ ಏರು ಕಾಲಿಗೇ ತಿಳಿಯುತ್ತದೆ. ಆದ್ದರಿಂದ ಇಲ್ಲಿ ಕೊಟ್ಟಿರುವ ದಾರಿಯು ರೊಸಾರಿಯೊ ಕೆಥೆಡ್ರಲಿನಿಂದ ಹೊರಟು, ಜೆಪ್ಪು, ವೆಲೆನ್ಸಿಯ, ಬಿಕರ್ನಕಟ್ಟೆ, ಕುಲಶೇಖರ, ಬಿಜೈಗಳನ್ನು ಹಾದು, ಲೈಟ್‌ಹೌಸ್ ಹಿಲ್‌ನ ಚಾಪೆಲನ್ನು ಕಂಡು, ಹಂಪನಕಟ್ಟೆಯ ಮಿಲಾಗ್ರಿಸ್‌ನಲ್ಲಿ ಮುಗಿಯುತ್ತದೆ. ಒಟ್ಟು ದೂರ ಸುಮಾರು 20 ಕಿಲೋಮೀಟರ್. ನಿಲ್ಲದೆ ತುಳಿದರೆ ಎರಡು ಗಂಟೆಯೂ ಬೇಡ. ನಿಂತು ನೋಡುವವರು ಬೆಳಗ್ಗೆ ಆರರಿಂದ ಮಧ್ಯಾಹ್ನದವರೆಗಿನ ಸಮಯವನ್ನು ಇದಕ್ಕೆಂದೇ ತೆಗೆದಿಡಬೇಕು.

ಒಬ್ಬರೇ ಹೋಗುವಂತೆ ಹೇಳುವುದಕ್ಕೆ ಕಾರಣವಿದೆ. ಇಗರ್ಜಿಯಲ್ಲಿ ಎಷ್ಟು ಹೊತ್ತು ಕುಳಿತಿರಬೇಕೆಂಬುದು ಜೊತೆಗಾರರೊಡನೆ ಚರ್ಚಿಸಿ ತೀರ್ಮಾನಿಸುವ ವಿಷಯವಲ್ಲ. ಪ್ರಾರ್ಥನೆಗೆ ಹೋಗುವವರಿಗೂ ಕಟ್ಟಡ ನೋಡಲು ಹೋಗುವವರಿಗೂ ಇದು ಒಂದೇ. ಅಲ್ಲದೆ ಐದಾರು ಮಂದಿಯ ಸೈಕಲ್ ಗುಂಪು ಆವರಣದೊಳಗೆ ಬಂದಾಗ ಆಗುವ ಗದ್ದಲ ಒಬ್ಬರು ಬಂದಾಗ ಆಗುವುದಿಲ್ಲ. ಕಾವಲುಗಾರರೂ ಒಬ್ಬರನ್ನು ಹೆಚ್ಚು ಪ್ರಶ್ನಿಸದೆ ಒಳಗೆ ಬಿಡುತ್ತಾರೆ.

ದಿನವನ್ನು ಆರಿಸುವುದು

ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ಅವಧಿ ಇದಕ್ಕೆ ಒಳ್ಳೆಯದು. ಮಾರ್ಚ್ ಬಂತೆಂದರೆ ಬೆಳಗಿನ ಎಂಟು ಗಂಟೆಗೇ ಸೆಕೆ ಏರುತ್ತದೆ, ಮತ್ತು ಕರಾವಳಿಯ ಸೆಕೆಯಲ್ಲಿ ಬೆವರು ಒಣಗದ ಕಾರಣ ಘಟ್ಟದ ಮೇಲಿನವರಿಗೆ ಅದರ ಅಂದಾಜು ಸುಲಭವಾಗಿ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವು ಕೊಟ್ಟಾಗ ಹೋಗಬಹುದಾದರೂ ಇಳಿಜಾರಿನಲ್ಲಿ ಒದ್ದೆ ರಿಮ್ಮಿನ ಮೇಲೆ ಬ್ರೇಕ್ ಹಿಡಿಯಲು ತಡವಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮೊಂತಿ ಫೆಸ್ತ್ ಎಂದು ಕರೆಯಲಾಗುವ, ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಕೊಂಡೊಯ್ಯುವ ಕನ್ಯಾ ಮರಿಯಮ್ಮನ ಹುಟ್ಟುಹಬ್ಬವು ಸೆಪ್ಟೆಂಬರ್ 8ರಂದು ಬರುವುದರಿಂದ, ಅದನ್ನು ನೋಡಬಯಸುವವರು ಮಳೆಗೂ ಸಿದ್ಧರಾಗಿಯೇ ಹೊರಡಬೇಕು. ಡಿಸೆಂಬರ್ ಕೊನೆಯ ವಾರದಲ್ಲಿ ಹೋದರೆ ಇಗರ್ಜಿಗಳಲ್ಲಿ ಕಟ್ಟಿರುವ ಗೋದಲಿಗಳು ಕಾಣಸಿಗುತ್ತವೆ, ಹವೆಯೂ ಹಿತವಾಗಿರುತ್ತದೆ.

ವಾರದ ದಿನವನ್ನು ಆರಿಸುವಾಗ ಒಂದು ಇಕ್ಕಟ್ಟು ಎದುರಾಗುತ್ತದೆ. ವಾರದ ದಿನಗಳಲ್ಲಿ ಮುಂಜಾನೆಯ ಪೂಜೆ ಮುಗಿದ ಮೇಲೆ ಹಲವು ಇಗರ್ಜಿಗಳ ಬಾಗಿಲು ಹಾಕಿರುವುದುಂಟು, ಮತ್ತು ರಸ್ತೆಯಲ್ಲಿ ಸಿಟಿ ಬಸ್ಸುಗಳ ಪೈಪೋಟಿ ಜೋರಾಗಿರುತ್ತದೆ. ಭಾನುವಾರ ಬೆಳಗ್ಗೆ ರಸ್ತೆಗಳು ಖಾಲಿ, ಬಾಗಿಲುಗಳು ತೆರೆದಿರುತ್ತವೆ. ಆದರೆ ಒಂದರ ಹಿಂದೆ ಒಂದರಂತೆ ಪೂಜೆಗಳು ನಡೆಯುವುದರಿಂದ ಒಳಗೆ ತಿರುಗಾಡಿ ನೋಡಲು ಅವಕಾಶ ಕಡಿಮೆ. ನನ್ನ ಮಟ್ಟಿಗೆ ಭಾನುವಾರವೇ ಮೇಲು. ಇಗರ್ಜಿಯನ್ನು ಜನ ತುಂಬಿರುವಾಗ, ಕೊಂಕಣಿಯ ಹಾಡುಗಳು ಕೇಳುತ್ತಿರುವಾಗ ಹಿಂದಿನ ಬೆಂಚಿನಿಂದ ನೋಡುವುದಕ್ಕೂ ಖಾಲಿ ಕಟ್ಟಡವನ್ನು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ. ಚಾಪೆಲಿನ ವೀಕ್ಷಣೆಯ ಸಮಯ ಮಾತ್ರ ಬೇರೆ, ಅದು ಕಾಲೇಜಿನ ಆವರಣದಲ್ಲಿರುವುದರಿಂದ ಹೊರಡುವ ಮುನ್ನ ಕಾಲೇಜಿಗೆ ಫೋನು ಮಾಡಿ ಆ ದಿನ ತೆರೆದಿರುವುದೇ ಎಂದು ಕೇಳಿಕೊಳ್ಳಬೇಕು. ಪವಿತ್ರ ವಾರದಲ್ಲಿ, ವಿಶೇಷವಾಗಿ ಶುಭ ಶುಕ್ರವಾರದಂದು, ಕುತೂಹಲಕ್ಕಾಗಿ ಹೋಗುವುದು ಬೇಡ. ಅದರ ಹಿಂದಿನ ದಿನವಾದ ಪವಿತ್ರ ಗುರುವಾರದ ರಾತ್ರಿ ಏಳು ಇಗರ್ಜಿಗಳಿಗೆ ಭೇಟಿ ಕೊಡುವ ಭಕ್ತಿಯ ರೂಢಿ ಜಗತ್ತಿನ ಹಲವು ಊರುಗಳಲ್ಲಿದೆ. ಏಳು ಇಗರ್ಜಿಗಳ ಯಾತ್ರೆಯನ್ನು 16ನೆಯ ಶತಮಾನದ ರೋಮಿನಲ್ಲಿ ಸಂತ ಫಿಲಿಪ್ ನೇರಿಯವರು ಜನಪ್ರಿಯಗೊಳಿಸಿದ್ದರು. ಭಕ್ತಿಯಿಂದ ಹೋಗುವವರು ಕೆಳಗಿನ ದಾರಿಯಲ್ಲೇ ಏಳನ್ನು ಆರಿಸಿಕೊಳ್ಳಬಹುದು.

ಸೈಕಲ್ ಮತ್ತು ಚೀಲ

ಮಂಗಳೂರು ಸಮತಟ್ಟಾದ ಊರಲ್ಲ. ಗೇರ್ ಇಲ್ಲದ ಸೈಕಲಿನಲ್ಲಿ ಈ ದಾರಿಯನ್ನು ಮುಗಿಸಬಹುದಾದರೂ ನಂತೂರಿನ ಸುತ್ತಮುತ್ತ ಮತ್ತು ಲೈಟ್‌ಹೌಸ್ ಹಿಲ್‌ನ ಏರಿನಲ್ಲಿ ಇಳಿದು ತಳ್ಳಬೇಕಾಗುತ್ತದೆ, ಅದಕ್ಕೆ ನಾಚಿಕೆ ಪಡಬೇಕಾಗಿಲ್ಲ. ಗೇರ್ ಇರುವ ಸೈಕಲಾದರೆ ಹಿಂದಿನ ದಿನವೇ ಅತಿ ಹಗುರವಾದ ಗೇರ್ ಸರಿಯಾಗಿ ಬೀಳುತ್ತದೆಯೇ ಎಂದು ನೋಡಿಕೊಳ್ಳಿ. ಏರಿನ ನಡುವೆ ಚೈನ್ ಕಳಚಿಕೊಳ್ಳುವುದು ಹೆಚ್ಚಾಗಿ ಅಲ್ಲೇ. ಎರಡೂ ಬ್ರೇಕುಗಳ ರಬ್ಬರ್ ಸವೆದಿದ್ದರೆ ಬದಲಾಯಿಸಿಯೇ ಹೊರಡಿ. ಟೈರು ತೀರಾ ತೆಳುವಾಗಿರುವುದು ಬೇಡ. ಇಲ್ಲಿನ ಮುಖ್ಯ ರಸ್ತೆಗಳಲ್ಲಿ ಬಹಳಷ್ಟು ಕಾಂಕ್ರೀಟಿನವಾಗಿದ್ದು, ಕಾಂಕ್ರೀಟಿನ ಅಂಚು ಪಕ್ಕದ ಮಣ್ಣಿಗಿಂತ ಅಥವಾ ಇಂಟರ್‌ಲಾಕಿಗಿಂತ ಒಂದು ಗೇಣಿನಷ್ಟು ಎತ್ತರದಲ್ಲಿರುವ ಜಾಗಗಳಿವೆ. ಹಿಂದಿನಿಂದ ಬಸ್ಸು ಹಾರನ್ ಮಾಡಿತೆಂದು ಗಾಬರಿಯಿಂದ ಆ ಅಂಚಿನಿಂದ ಕೆಳಗಿಳಿದರೆ ಬೀಳುವುದು ಖಂಡಿತ. ಅಂಚಿನಿಂದ ಎರಡು ಅಡಿ ಒಳಗೆ, ನೇರವಾಗಿ, ವೇಗ ಬದಲಿಸದೆ ಹೋಗುತ್ತಿದ್ದರೆ ಬಸ್ಸಿನವರೇ ಸುತ್ತಿಕೊಂಡು ಹೋಗುತ್ತಾರೆ.

ಚೀಲದಲ್ಲಿ ಒಂದು ಟ್ಯೂಬ್, ಪಂಕ್ಚರ್ ಸಾಮಾನು, ಚಿಕ್ಕ ಗಾಳಿ ಪಂಪು, ಗಟ್ಟಿ ಬೀಗ, ಎರಡು ಬಾಟಲಿ ನೀರು, ಒಂದು ಬೈರಾಸು (ಟವೆಲು) ಇರಲಿ. ಇದರೊಂದಿಗೆ ಒಂದು ಉದ್ದ ಪ್ಯಾಂಟು ಅಥವಾ ಲುಂಗಿ, ಮತ್ತು ಒಣಗಿದ ಅಂಗಿಯನ್ನು ಇಟ್ಟುಕೊಳ್ಳಲೇಬೇಕು. ಮೊಣಕಾಲಿಗಿಂತ ಮೇಲಿನ ಬಿಗಿಯಾದ ಸೈಕಲ್ ಚಡ್ಡಿಯಲ್ಲಿ ಇಗರ್ಜಿಯೊಳಗೆ ಹೋದರೆ ಯಾರೂ ಬಾಯಿಬಿಟ್ಟು ಏನೂ ಹೇಳದಿರಬಹುದು, ಆದರೆ ಮುಂದಿನ ಬೆಂಚಿನ ಅಜ್ಜಿಯ ನೋಟವೇ ಎಲ್ಲವನ್ನೂ ಹೇಳುತ್ತದೆ. ಅಟ್ಟೆಯ ಮುಂಭಾಗದಡಿ ಲೋಹದ ತುಂಡಿರುವ ಸೈಕಲ್ ಬೂಟುಗಳು ಕಲ್ಲಿನ ನೆಲದ ಮೇಲೆ ಟಕಟಕ ಸದ್ದು ಮಾಡುವುದರಿಂದ ಸಾದಾ ಬೂಟೇ ಸಾಕು. ಒಬ್ಬರೇ ಹೋಗುವವರು ಮನೆಯವರಲ್ಲಿ ಒಬ್ಬರಿಗೆ ದಾರಿಯನ್ನು ಬರೆದುಕೊಟ್ಟು, ಮೊಬೈಲಿನಲ್ಲಿ ತಾವಿರುವ ಜಾಗವನ್ನು ಹಂಚಿಕೊಳ್ಳುವ ವ್ಯವಸ್ಥೆ ಮಾಡಿಟ್ಟು ಹೊರಡುವುದು ಒಳ್ಳೆಯದು. ತುರ್ತಿಗೆ 112 ಸಂಖ್ಯೆ ಇದೆ.

ಒಳಗೆ ಹೋಗುವ ಮುನ್ನ

ಸೈಕಲನ್ನು ಇಗರ್ಜಿಯ ಮೆಟ್ಟಿಲಿಗಾಗಲಿ, ಶಿಲುಬೆಯ ಕಂಬಕ್ಕಾಗಲಿ, ಮರಿಯಮ್ಮನ ಗುಹೆಯ ಕಟಕಟೆಗಾಗಲಿ ಒರಗಿಸಬೇಡಿ. ಆವರಣದ ದ್ವಿಚಕ್ರ ವಾಹನಗಳ ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಚಕ್ರ ಮತ್ತು ಚೌಕಟ್ಟು ಎರಡನ್ನೂ ಸೇರಿಸಿ ಬೀಗ ಹಾಕಿ, ಕಾವಲುಗಾರರಿದ್ದರೆ ಒಂದು ಮಾತು ಹೇಳಿ ಹೋಗಿ. "ಅಣ್ಣಾ, ಸೈಕಲ್ ಇಲ್ಲಿಟ್ಟಿದ್ದೇನೆ, ಒಳಗೆ ಸ್ವಲ್ಪ ಕೂತು ಬರುತ್ತೇನೆ" ಎಂದರೆ ಸಾಕು. ಶೌಚಾಲಯ ಎಲ್ಲಿದೆ, ಮುಂದಿನ ಪೂಜೆ ಎಷ್ಟು ಹೊತ್ತಿಗೆ ಎಂಬುದೂ ಅವರಿಂದಲೇ ತಿಳಿಯುತ್ತದೆ. ಮುಖ ತೊಳೆದು, ಬೆವರು ಒರೆಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಹೋಗಬೇಕು.

ಬಲಿಪೀಠದ ಬಳಿ ಪರಮ ಪ್ರಸಾದವನ್ನು ಇಡುವ ಪೆಟ್ಟಿಗೆಯೂ ಅದರ ಪಕ್ಕದಲ್ಲಿ ಸದಾ ಉರಿಯುವ ದೀಪವೂ ಇರುತ್ತದೆ. ಕಥೋಲಿಕರಿಗೆ ಅದು ಯೇಸುಸ್ವಾಮಿಯ ಸಾನ್ನಿಧ್ಯದ ಗುರುತು. ಆದ್ದರಿಂದ ಇಗರ್ಜಿ ಖಾಲಿಯಿದ್ದರೂ ಅಲ್ಲಿ ಜೋರಾಗಿ ಮಾತಾಡುವುದು, ಬಲಿಪೀಠದ ಮೆಟ್ಟಿಲೇರಿ ಚಿತ್ರ ತೆಗೆಯುವುದು ಸಲ್ಲದು. ಅನ್ಯಧರ್ಮೀಯರು ಮೊಣಕಾಲೂರಬೇಕೆಂದಿಲ್ಲ, ತಲೆ ಬಾಗಿ ಹಿಂದಿನ ಬೆಂಚಿನಲ್ಲಿ ಕುಳಿತರೆ ಗೌರವ ತೋರಿದಂತೆಯೇ. ಪೂಜೆಯ ನಡುವೆ ಎಲ್ಲರೂ ಎದ್ದಾಗ ಎದ್ದು ನಿಲ್ಲಬಹುದು. ಜನರು ಸಾಲಾಗಿ ಪರಮ ಪ್ರಸಾದ ಸ್ವೀಕರಿಸಲು ಹೋಗುವಾಗ, ದೇವಸ್ಥಾನದ ಪ್ರಸಾದದಂತೆ ಅದು ಎಲ್ಲರಿಗೂ ಎಂದು ತಿಳಿದು ಸಾಲಿನಲ್ಲಿ ನಿಲ್ಲುವವರುಂಟು. ಅದು ಸಿದ್ಧರಾದ ಕಥೋಲಿಕರಿಗೆ ಮಾತ್ರ, ಉಳಿದವರು ಕುಳಿತಲ್ಲೇ ಇರಬೇಕು. ಬದಿಯಲ್ಲಿರುವ ಮರದ ಗೂಡಿನಲ್ಲಿ ಪಾಪನಿವೇದನೆ ನಡೆಯುತ್ತಿದ್ದರೆ ಅದರ ಹತ್ತಿರ ಸುಳಿಯಬಾರದು. ಮದುವೆ ಅಥವಾ ಉತ್ತರಕ್ರಿಯೆ ನಡೆಯುತ್ತಿರುವ ಇಗರ್ಜಿಯನ್ನು ಬಿಟ್ಟು ಮುಂದಿನದಕ್ಕೆ ಹೋಗುವುದೇ ಸರಿ.

ದಾರಿ

ಆರು ಗಂಟೆಯ ಹೊತ್ತಿಗೆ ರೊಸಾರಿಯೊ ಕೆಥೆಡ್ರಲಿನಿಂದ ಆರಂಭಿಸಿ. ಹಳೆಯ ಬಂದರಿಗೂ ನೆಹರೂ ಮೈದಾನಕ್ಕೂ ಸಮೀಪದಲ್ಲಿರುವ ಇದು ಪೋರ್ಚುಗೀಸರ ಕಾಲದ್ದು, 1568ರಲ್ಲಿ ಸ್ಥಾಪನೆಯಾದದ್ದು. ಹಡಗಿನಿಂದ ಇಳಿದು ಬಂದ ವ್ಯಾಪಾರಿಗಳ ಕೋಠಿಯ ಪಕ್ಕದಲ್ಲಿ ಹುಟ್ಟಿದ ಇಗರ್ಜಿ ಬಂದರಿನ ಮಟ್ಟದಲ್ಲೇ ಇರುವುದು ಸಹಜ. ಮೊದಲಿನ ಕಟ್ಟಡ ಇಂದು ಉಳಿದಿಲ್ಲ. ಟಿಪ್ಪು ಸುಲ್ತಾನನ ಆಜ್ಞೆಯಂತೆ 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಲ್ಲಿನ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಟಿಪ್ಪು ಮಡಿದ ಮೇಲೆ ಉಳಿದವರು ಹಿಂತಿರುಗಿ ಬಂದು 1813ರಲ್ಲಿ ರೊಸಾರಿಯೊವನ್ನು ಮತ್ತೆ ಕಟ್ಟಿಕೊಂಡರು. ಈಗ ಕಾಣುವ ಗುಮ್ಮಟದ ಕಟ್ಟಡ 20ನೆಯ ಶತಮಾನದ ಆರಂಭದ್ದು. ಪೋರ್ಚುಗೀಸ್ ರಾಜಲಾಂಛನವಿರುವ ಹಳೆಯ ಕಲ್ಲೊಂದನ್ನು ಇಲ್ಲಿ ಉಳಿಸಿಕೊಂಡಿದ್ದಾರೆ, ಅದನ್ನು ಕೇಳಿ ನೋಡಿ. ಗುಮ್ಮಟವನ್ನು ಹತ್ತಿರದಿಂದ ನೋಡುವುದಕ್ಕಿಂತ ಸ್ವಲ್ಪ ದೂರ ಬಂದು ರಸ್ತೆಯ ಆಚೆಯಿಂದ ನೋಡಿದರೆ ಅದರ ಅಳತೆ ಮನಸ್ಸಿಗೆ ಸಿಗುತ್ತದೆ. ಮಂಗಳೂರು 1886ರಲ್ಲಿ ಧರ್ಮಪ್ರಾಂತವಾಯಿತು, ಅದರ ಧರ್ಮಾಧ್ಯಕ್ಷರ ಪೀಠ ಇರುವುದು ಇಲ್ಲಿಯೇ.

ಅಲ್ಲಿಂದ ದಕ್ಷಿಣಕ್ಕೆ ಮಾರ್ಗನ್ಸ್ ಗೇಟ್ ಕಡೆಗೆ ಹೋದರೆ ಸಂತ ರೀತಾ ಅವರ ಹೆಸರಿನ ಕಾಸ್ಸಿಯಾ ಇಗರ್ಜಿ, ಮುಂದೆ ಜೆಪ್ಪುವಿನಲ್ಲಿ 1879ರಲ್ಲಿ ಆರಂಭವಾದ ಸಂತ ಜೋಸೆಫರ ಸೆಮಿನರಿ. ದಾರಿ ಬಹುಮಟ್ಟಿಗೆ ಸಮತಟ್ಟು. ಜೆಪ್ಪು ಎಂದರೆ ಬಾಸೆಲ್ ಮಿಶನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಜಾಗ. ಅವರು ಪ್ರಾಟೆಸ್ಟಂಟರಾಗಿದ್ದರೂ ಅವರ ಹಂಚಿನ ಮಾದರಿ ಜಾತಿ-ಮತ ನೋಡದೆ ಇಡೀ ಕರಾವಳಿಯ ಮಾಡುಗಳನ್ನು ಏರಿತು. ಸೆಮಿನರಿಯು ಧರ್ಮಗುರುಗಳಾಗುವವರು ಓದುವ ಮನೆಯಾದ್ದರಿಂದ ಅನುಮತಿ ಕೇಳದೆ ಒಳಹೋಗಬೇಡಿ. ಒಪ್ಪಿಗೆ ಸಿಗದಿದ್ದರೆ ಹೊರಗಿನಿಂದ ನೋಡಿ ಮುಂದುವರಿಯಿರಿ.

ಜೆಪ್ಪುವಿನಿಂದ ವೆಲೆನ್ಸಿಯದ ಸಂತ ವಿನ್ಸೆಂಟ್ ಫೆರರ್ ಇಗರ್ಜಿಗೆ ಹೋಗುವಾಗ ಮೊದಲ ಏರು ಸಿಗುತ್ತದೆ. ಇಲ್ಲಿ ಹೆಚ್ಚು ಹೊತ್ತು ಬೇಡ. ಕಂಕನಾಡಿಯಲ್ಲಿ ಬನ್ಸ್ ಮತ್ತು ಚಹಾ ಮುಗಿಸಿಕೊಂಡರೆ ಮುಂದಿನ ಭಾಗಕ್ಕೆ ಶಕ್ತಿ ಇರುತ್ತದೆ. ಇಲ್ಲಿನ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲ 1880ರಲ್ಲಿ ಜೆಸ್ವಿತ್ (ಯೇಸುಸಭೆಯ) ಗುರು ಅಗಸ್ಟಸ್ ಮುಲ್ಲರ್ ಬಡವರಿಗಾಗಿ ಆರಂಭಿಸಿದ ಹೋಮಿಯೋಪಥಿ ಔಷಧಾಲಯ.

ಪಂಪ್‌ವೆಲ್‌ನಿಂದ ನಂತೂರಿನವರೆಗಿನ ರಾಷ್ಟ್ರೀಯ ಹೆದ್ದಾರಿ 66ರ ತುಂಡು ಈ ದಾರಿಯ ಅತಿ ಕೆಟ್ಟ ಭಾಗ. ಭಾನುವಾರ ಎಂಟು ಗಂಟೆಯೊಳಗೆ ಇದನ್ನು ದಾಟಬೇಕು. ಮೇಲ್ಸೇತುವೆ ಹತ್ತದೆ ಬದಿಯ ರಸ್ತೆಯಲ್ಲೇ ಹೋಗಿ. ಗುಡ್ಡ ಏರಿ ನಂತೂರು ತಲುಪಿದಾಗ ನಾಲ್ಕೂ ಕಡೆಯಿಂದ ಲಾರಿಗಳು ಬರುವುದನ್ನು ಕಂಡರೆ ಸೈಕಲಿನಿಂದ ಇಳಿದು, ಪಾದಚಾರಿಗಳೊಡನೆ ತಳ್ಳಿಕೊಂಡು ದಾಟುವುದೇ ಜಾಣತನ. ನಂತೂರಿನಿಂದ ಮೂಡುಬಿದಿರೆ ಕಡೆಗೆ ಹೋಗುವ ರಸ್ತೆಯಲ್ಲಿ ಬಿಕರ್ನಕಟ್ಟೆ ಸಿಗುತ್ತದೆ. ಕಾರ್ಮೆಲ್ ಸಭೆಯ ಗುರುಗಳು ನಡೆಸುವ ಬಾಲಯೇಸುವಿನ ಪುಣ್ಯಕ್ಷೇತ್ರ ಇಲ್ಲಿಯ ಗುಡ್ಡದ ಮೇಲಿದೆ. ಜನವರಿ 14ರ ವಾರ್ಷಿಕ ಹಬ್ಬದ ಹೊತ್ತಿನಲ್ಲಿ ಇತ್ತ ಬರುವ ಜನರ ಸಂಖ್ಯೆ ದೊಡ್ಡದು, ಆಗ ಸೈಕಲಿಗೂ ಜಾಗವಿರುವುದಿಲ್ಲ. ಬರುವವರಲ್ಲಿ ಎಲ್ಲ ಧರ್ಮದವರೂ ಇರುವುದರಿಂದ, ಇಗರ್ಜಿಗೆ ಮೊದಲ ಸಲ ಕಾಲಿಡುವ ಹಿಂಜರಿಕೆ ಇರುವವರಿಗೆ ಇದು ಎಲ್ಲಕ್ಕಿಂತ ಸಲೀಸಾದ ಜಾಗ.

ಅದೇ ರಸ್ತೆಯಲ್ಲಿ ಮುಂದೆ ಹೋದರೆ ಕುಲಶೇಖರದ ಪವಿತ್ರ ಶಿಲುಬೆಯ ಇಗರ್ಜಿ, ಜನರ ಬಾಯಲ್ಲಿ ಕೊರ್ಡೆಲ್. ಇದು 1873ರದು; ಇದನ್ನು ಸ್ಥಾಪಿಸಿದ ಫ್ರೆಂಚ್ ಗುರು ಅಲೆಕ್ಸಾಂಡರ್ ದ್ಯುಬೋವಾ ಅವರನ್ನು ಇಲ್ಲಿಯ ಕೊಂಕಣಿಗರು ಇಂದಿಗೂ 'ಫ್ರಾದ್ ಸಾಯ್ಬ್' ಎಂದೇ ನೆನೆಯುತ್ತಾರೆ. ಸೆರೆಯಿಂದ ಹಿಂತಿರುಗಿದವರ ಮಕ್ಕಳು ಮೊಮ್ಮಕ್ಕಳು ಪೇಟೆಯಿಂದ ಹೊರಗಿನ ಗುಡ್ಡಗಳಲ್ಲಿ ತೋಟ-ಗದ್ದೆ ಮಾಡಿಕೊಂಡು ಹೆಚ್ಚಿದಾಗ, ಅವರು ರೊಸಾರಿಯೊ, ಮಿಲಾಗ್ರಿಸ್‌ಗಳವರೆಗೆ ನಡೆದು ಬರುವುದು ಕಷ್ಟವಾಗಿ ಇಂಥ ಹೊಸ ಇಗರ್ಜಿಗಳು ಬೇಕಾದವು. ಬಂದರಿನ ಬದಿಯಿಂದ ಇಲ್ಲಿಯವರೆಗೆ ತುಳಿದು ಬಂದವರಿಗೆ ಆ ಕಷ್ಟವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಅರ್ಧ ಗಂಟೆಯಾದರೂ ಕುಳಿತುಕೊಳ್ಳಿ. ಹೊರಗೆ ಬೊಂಡ (ಎಳನೀರು) ಸಿಕ್ಕಿದರೆ ಕುಡಿದು, ಬಾಟಲಿಗಳಿಗೆ ನೀರು ತುಂಬಿಸಿಕೊಳ್ಳಿ.

ಬಂದ ದಾರಿಯಲ್ಲೇ ನಂತೂರಿಗೆ ಹಿಂದಿರುಗಿ, ಕದ್ರಿಯ ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯುತ್ತ ಇಳಿದು ಬಿಜೈಗೆ ಬನ್ನಿ. ಬಿಜೈಯ ಸಂತ ಫ್ರಾನ್ಸಿಸ್ ಝೇವಿಯರ್ ಇಗರ್ಜಿ 1869ರಲ್ಲಿ ಆರಂಭವಾದದ್ದು, ಅಂದರೆ ಕುಲಶೇಖರದ ಓರಗೆಯದು. ಆಯಾಸವಾಗಿದ್ದರೆ ಇದನ್ನು ಹೊರಗಿನಿಂದಲೇ ನೋಡಿ ಪಿ.ವಿ.ಎಸ್. ವೃತ್ತದ ಕಡೆಗೆ ಸಾಗಬಹುದು, ಏಕೆಂದರೆ ಮುಂದಿನ ಜಾಗಕ್ಕೆ ಗಮನವೂ ಕತ್ತಿನ ಬಲವೂ ಬೇಕು.

ಲೈಟ್‌ಹೌಸ್ ಹಿಲ್‌ನ ಏರು ಚಿಕ್ಕದಾದರೂ ಕಡಿದು. ಮೇಲಿರುವ ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಜೆಸ್ವಿತರು ಆರಂಭಿಸಿದ್ದು. ಅವರು ಮಂಗಳೂರಿಗೆ ಬಂದದ್ದು 1878ರ ಕೊನೆಯ ದಿನ. ಕೆಲವೇ ವರ್ಷಗಳಲ್ಲಿ ಕಟ್ಟಿದ ಚಾಪೆಲ್ ಹೊರಗಿನಿಂದ ಸಾಧಾರಣವೆನಿಸುತ್ತದೆ. ಒಳಗೆ ಹೋದವರು ಮೊದಲು ಮಾಡಬೇಕಾದ ಕೆಲಸವೆಂದರೆ ಏನನ್ನೂ ಗುರುತಿಸಲು ಯತ್ನಿಸದೆ ಹಿಂದಿನ ಬೆಂಚಿನಲ್ಲಿ ಐದು ನಿಮಿಷ ಸುಮ್ಮನೆ ಕೂರುವುದು. ಗೋಡೆ, ಕಮಾನು, ಮಾಡಿನ ಒಳಮೈ, ಹೀಗೆ ಬಣ್ಣವಿಲ್ಲದ ಜಾಗವೇ ಇಲ್ಲದಿರುವುದರಿಂದ ಕಣ್ಣು ಹೊಂದಿಕೊಳ್ಳಲು ಸಮಯ ಬೇಕು. ಇದೆಲ್ಲವನ್ನೂ ಬರೆದವರು ಇಟಲಿಯ ಬೆರ್ಗಾಮೊ ಬಳಿ 1854ರಲ್ಲಿ ಹುಟ್ಟಿದ ಜೆಸ್ವಿತ್ ಸಹೋದರ ಅಂತೋನಿಯೊ ಮೊಸ್ಕೇನಿ. ಇಲ್ಲಿನ ಸೆಕೆಯಲ್ಲಿ ಅವರು ಕೆಲಸ ಮಾಡಿದ್ದು ಹೆಚ್ಚುಕಡಿಮೆ ಎರಡು ವರ್ಷ, 1899ರಿಂದ 1901ರವರೆಗೆ. ಅವರು 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ನೋಡುವ ಕ್ರಮಕ್ಕೆ ಒಂದು ಸಲಹೆ: ಮೊದಲು ಮಾಡಿನ ನಡುವಿನ ಸಾಲನ್ನು ನೋಡಿ. ಅಲ್ಲಿರುವುದು ರೋಮಿನಲ್ಲಿ ಪ್ಲೇಗು ಪೀಡಿತರ ಆರೈಕೆ ಮಾಡುತ್ತ ಸೋಂಕು ತಗಲಿ 1591ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ ತೀರಿಕೊಂಡ ಸಂತ ಅಲೋಶಿಯಸ್ ಗೊನ್ಜಾಗ ಅವರ ಜೀವನ. ಅನಂತರ ಗೋಡೆಗಳಿಗೆ ಇಳಿಯಿರಿ. ಮಾಡಿನ ಚಿತ್ರಗಳು ಕ್ಯಾನ್ವಾಸಿನ ಮೇಲಿನ ತೈಲವರ್ಣ, ಗೋಡೆಯವು ಫ್ರೆಸ್ಕೊ. ಫ್ರೆಸ್ಕೊದಲ್ಲಿ ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಬಲ್ಲರೋ ಅಷ್ಟೇ ಗಾರೆ ಮೆತ್ತಬೇಕು, ಕೈ ತಪ್ಪಿದರೆ ಕೆರೆದು ಹೊಸದಾಗಿ ಮೆತ್ತಬೇಕು. ಈ ವ್ಯತ್ಯಾಸ ತಿಳಿದಿದ್ದರೆ ಮೇಲಿನ ಮತ್ತು ಕೆಳಗಿನ ಬಣ್ಣಗಳ ಹೊಳಪು ಏಕೆ ಬೇರೆ ಬೇರೆಯಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕರಾವಳಿಯ ತೇವಕ್ಕೆ ಹಾಳಾಗುತ್ತಿದ್ದ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಪರಂಪರೆಯ ರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಸಂರಕ್ಷಿಸಿದರು. ಗೋಡೆಯನ್ನು ಮುಟ್ಟಬೇಡಿ, ಬೆವರಿದ ಕೈಯಿಂದ ಕಂಬಕ್ಕೆ ಒರಗಲೂ ಬೇಡಿ. ಒಳಗೆ ಚಿತ್ರ ತೆಗೆಯುವಂತಿಲ್ಲವೆಂದು ತಿಳಿದೇ ಹೋಗಿ, ಮೊಬೈಲು ಚೀಲದಲ್ಲೇ ಇರಲಿ.

ಅಲ್ಲಿಂದ ಹಂಪನಕಟ್ಟೆಗೆ ಪೂರ್ತಿ ಇಳಿಜಾರು. ಕೆಳಗಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಗೋವೆಯ ಮೂಲದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು ಕಟ್ಟಿಸಿದರು, ಜಾಗ ಕೊಟ್ಟವರು ಕೆಳದಿಯ ರಾಣಿ ಚೆನ್ನಮ್ಮ. ಇದೂ 1784ರಲ್ಲಿ ನಾಶವಾಗಿ ಮತ್ತೆ ಎದ್ದದ್ದು. ಈಗಿನ ಕಟ್ಟಡ 1911ರದು. ಪೇಟೆಯ ನಟ್ಟನಡುವೆ ಇರುವುದರಿಂದ ಕೆಲಸಕ್ಕೆ ಹೋಗುವವರು, ಬಸ್ಸಿಗೆ ಕಾಯುವವರು ಹೀಗೆ ಬಂದು ಹಾಗೆ ಪ್ರಾರ್ಥಿಸಿ ಹೋಗುತ್ತಿರುತ್ತಾರೆ, ಸೈಕಲಿನವರನ್ನು ಯಾರೂ ವಿಶೇಷವಾಗಿ ಗಮನಿಸುವುದಿಲ್ಲ. ಇಲ್ಲಿಂದ ರೊಸಾರಿಯೊಗೆ ಸುಮಾರು ಒಂದು ಕಿಲೋಮೀಟರ್; ಸುತ್ತು ಪೂರ್ತಿಗೊಳಿಸಬೇಕೆನಿಸಿದವರು ಹೋಗಬಹುದು, ಹಸಿದವರಿಗೆ ಹಂಪನಕಟ್ಟೆಯಲ್ಲೇ ನೀರುದೋಸೆ ಸಿಗುತ್ತದೆ.

ಮುಂದಿನ ಸವಾರಿಗಳು

ಈ ದಾರಿ ಸಲೀಸಾಗಿ ಮುಗಿದಿದ್ದರೆ ಇನ್ನೊಂದು ದಿನ ನೇತ್ರಾವತಿಯ ದಂಡೆಯ ಕಡೆಯಿಂದ ಫರಂಗಿಪೇಟೆಗೆ ಹೋಗಿ, ಪೋರ್ಚುಗೀಸರ ಕಾಲದ ಹೆಸರನ್ನೇ ಉಳಿಸಿಕೊಂಡಿರುವ ಮೊಂತೆ ಮರಿಯಾನೊ ಇಗರ್ಜಿಯನ್ನು ನೋಡಬಹುದು. ದೂರ ಹೆಚ್ಚಿಲ್ಲ, ಆದರೆ ಹೆದ್ದಾರಿಯ ಲಾರಿಗಳ ಕಾರಣ ಬೆಳಕು ಹರಿದ ಕೂಡಲೇ ಹೊರಡಬೇಕು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಕ್ಷೇತ್ರ 2016ರಲ್ಲಿ ಬಸಿಲಿಕದ, ಅಂದರೆ ರೋಮಿನಿಂದ ವಿಶೇಷ ಗೌರವ ಪಡೆದ ಇಗರ್ಜಿಯ, ಪದವಿ ಪಡೆದದ್ದು. ಅದು ಒಂದು ಕಡೆಗೇ ಸುಮಾರು 50 ಕಿಲೋಮೀಟರ್ ಆಗುವುದರಿಂದ ಕಾರ್ಕಳದಲ್ಲಿ ತಂಗುವ ಏರ್ಪಾಡು ಮಾಡಿಕೊಳ್ಳಬೇಕು, ಮತ್ತು ಜನವರಿ ಕೊನೆಯ ಜಾತ್ರೆಯ ದಿನಗಳಲ್ಲಿ ಕೋಣೆ ಸಿಗುವುದು ಕಷ್ಟವಾದ್ದರಿಂದ ಮೊದಲೇ ಕಾದಿರಿಸಬೇಕು. ಎರಡರಲ್ಲಿ ಯಾವುದಕ್ಕೆ ಹೋಗುವುದಾದರೂ, ಮನೆಗೆ ಬಂದ ದಿನವೇ ಸೈಕಲಿನ ಚೈನನ್ನು ಒರೆಸಿ ಎಣ್ಣೆ ಬಿಡಿ. ಕಡಲ ಗಾಳಿಯ ಉಪ್ಪಿಗೆ ಅದು ತುಕ್ಕು ಹಿಡಿಯಲು ಹೆಚ್ಚು ದಿನ ಬೇಕಾಗುವುದಿಲ್ಲ.